ಒಂದು ಎನ್ ಜಾಸ್ತಿ

ಆ ಬೋರ್ಡು ಮಾಡಿಕೊಟ್ಟವನು ನಾನೇ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ. ಅದರ ಊಟದ ಮನೆಯ ಬಾಗಿಲ ಮೇಲೆ ಆರಡಿ ಉದ್ದದ ಹಳದಿ ಬೋರ್ಡು, ಕೆಂಪು ಅಕ್ಷರ. ಮೇಲೊಂದು ಸಾಲು ಕನ್ನಡ, ಕೆಳಗೊಂದು ಸಾಲು ಇಂಗ್ಲಿಷ್. ಹೋದ ವೈಶಾಖದಲ್ಲಿ ನೆಂಟರ ಮದುವೆಗೆ ಅಲ್ಲಿಗೆ ಹೋಗಿದ್ದೆವು. ಮೊದಲನೇ ಪಂಕ್ತಿ ತಪ್ಪಿ, ಎರಡನೆಯದಕ್ಕೆ ಬಾಗಿಲಲ್ಲೇ ಕಾಯುತ್ತಾ ನಿಂತಿದ್ದೆವು. ಹಿಂದಿನಿಂದ ನೂಕುತ್ತಿದ್ದರು. ಏಳನೇ ಕ್ಲಾಸಿನ ಮಗಳು ಬೇಜಾರಿಗೆ ಕತ್ತೆತ್ತಿ ಬೋರ್ಡು ಓದಿದಳು. 'ಅಪ್ಪಾ, ಡಿನ್ನಿಂಗ್ ಹಾಲ್ ಅಂದ್ರೇನು?' ನಾನು ನೋಡಿದೆ. ಡಿ, ಐ, ಎನ್, ಎನ್, ಐ, ಎನ್, ಜಿ. ಡೈನಿಂಗ್ ಅನ್ನುವುದಕ್ಕೆ ಒಂದು ಎನ್ ಜಾಸ್ತಿ ಬಿದ್ದಿತ್ತು. ಬೋರ್ಡು ಯಾರದ್ದು ಅಂತ ಅವಳಿಗೆ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅವಳೇ ನಿಘಂಟು ತೆಗೆದು ನೋಡಿದಳು. ಡಿನ್ ಅಂದರೆ ಗದ್ದಲ. ಹಾಗಾದರೆ ಡಿನ್ನಿಂಗ್ ಹಾಲ್ ಅಂದರೆ ಗದ್ದಲ ಹಾಕುವ ಹಾಲ್. ಆವತ್ತಿನ ನೂಕಾಟ ನೋಡಿದ ಯಾರೂ ಅದನ್ನು ತಪ್ಪು ಅನ್ನುವುದಿಲ್ಲ.

ಬಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ: ಕಸ್ಟಮರ್ ಬರೆದುಕೊಟ್ಟ ಹಾಗೆ ಹಾಕು, ಪ್ರೂಫ್ ಮೇಲೆ ಸೈನ್ ತಗೋ. ಆ ಬೋರ್ಡಿಗೂ ಸೈನ್ ತಗೊಂಡಿದ್ದೆ. ಆದರೆ ಚೀಟಿಯಲ್ಲಿ ಎರಡು ಎನ್ ಇದ್ದವು, ನಾನು ಸುಮ್ನೆ ಹಾಕಿದೆ ಅಂದರೆ ಅರ್ಧ ಸುಳ್ಳು. ಆಗ ನನಗೂ ಎರಡೇ ಸರಿ ಅನ್ನಿಸಿತ್ತು. ಯಾಕೆಂದರೆ ಡಿನ್ನರ್‌ಗೆ ಎರಡು ಎನ್. ಡಿನ್ನರ್ ಮಾಡುವ ಜಾಗಕ್ಕೆ ಒಂದು ಕಮ್ಮಿ ಯಾಕೆ ಮಾಡಬೇಕು? ಇದೇ ಥರ ನನ್ನ ಕೈಯಲ್ಲಿ ಹಾದುಹೋದ ಇನ್ನೊಂದು ತಪ್ಪು, ರೈಟಿಂಗ್‌ಗೆ ಎರಡು ಟಿ. ಹ್ಯಾಂಡ್‌ರೈಟಿಂಗ್ ಕ್ಲಾಸಿನ ಕರಪತ್ರದಲ್ಲೇ ಹಾಗೆ ಬರೆದು ತಂದವರನ್ನು ನೋಡಿದ್ದೇನೆ. ಅವರ ತಲೆಯಲ್ಲಿ ರಿಟನ್ ಇರುತ್ತೆ, ಅದಕ್ಕೆ ಎರಡು ಟಿ ಇದೆ. ಇವು ದಡ್ಡತನದ ತಪ್ಪುಗಳಲ್ಲ. ಒಂದು ಪದ ನೋಡಿ ಅದರ ಅಣ್ಣತಮ್ಮಂದಿರ ಮುಖ ಊಹಿಸಿದ ತಪ್ಪುಗಳು.

ಹೀಗಿದ್ದರೂ ಆ ಎನ್ ನನ್ನನ್ನು ಬಿಡಲಿಲ್ಲ. ಡಿನ್ನರ್‌ಗೆ ಯಾಕೆ ಎರಡು, ಡೈನಿಂಗ್‌ಗೆ ಯಾಕೆ ಒಂದು? ಐದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದವನು ನಾನು. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಅಷ್ಟು ವರ್ಷದಲ್ಲಿ ಈ 'ಯಾಕೆ'ಗೆ ಒಬ್ಬರೂ ಉತ್ತರ ಹೇಳಿರಲಿಲ್ಲ. ಒಂದು ಸಲ ಕೇಳಿದ್ದೆ. ಆ ಕತೆ ಹೇಳಿ ಮುಂದೆ ಹೋಗುತ್ತೇನೆ.

ಹುಳಕ್ಕೆ ಜ್ವರ, ಅರ್ಜಿಯಲ್ಲಿ ನನಗೆ

ನಮ್ಮದು ರೇಷ್ಮೆ ಮನೆ. ಹುಳ ಸೊಪ್ಪು ಬಿಟ್ಟು, ಅಲ್ಲಾಡದೆ ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಮನೆಯವರೆಲ್ಲ ಅದರ ಆಳುಗಳು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಗಿನ ಜಾವ ತೋಟಕ್ಕೆ ಹೋಗಿ ಹಿಪ್ಪುನೇರಳೆ ಕೊಯ್ದು ತರಬೇಕು, ತಟ್ಟೆ ಬದಲಿಸಬೇಕು, ಮತ್ತೆ ಸೊಪ್ಪು. ಆ ವಾರ ಸ್ಕೂಲಿಗೆ ಚಕ್ಕರ್. ವಾಪಸ್ ಹೋಗುವಾಗ ರಜಾ ಅರ್ಜಿ ಒಯ್ಯಬೇಕು. ರಜಾ ಅರ್ಜಿಯ ಇಂಗ್ಲಿಷ್ ನಮ್ಮ ಕಡೆಯ ಮಕ್ಕಳಿಗೆಲ್ಲ ಒಂದೇ. 'ಆಸ್ ಐ ಯಾಮ್ ಸಫರಿಂಗ್ ಫ್ರಮ್ ಫೀವರ್.' ಜ್ವರ ಇದ್ದದ್ದು ಹುಳಕ್ಕೆ, ಬರೆದದ್ದು ನನ್ನ ಹೆಸರಲ್ಲಿ. ಪೂರ್ತಿ ಸುಳ್ಳು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಒಂಬತ್ತನೇ ಕ್ಲಾಸಿನ ಆ ಸಲದ ಅರ್ಜಿಯಲ್ಲಿ ಸಫರಿಂಗ್‌ಗೆ ಎರಡು ಆರ್ ಹಾಕಿದ್ದೆ. ಅದಕ್ಕೂ ಕಾರಣ ಇತ್ತು. ಹಿಂದಿನ ವಾರವೇ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ರೆಫರ್, ರೆಫರ್ಡ್, ರೆಫರಿಂಗ್ ಬರೆದು, 'ಆರ್ ಡಬಲ್ ಆಗುತ್ತೆ, ಬರ್ಕೊಳ್ರೋ' ಅಂದಿದ್ದರು. ರೆಫರ್‌ಗೆ ಆದದ್ದು ಸಫರ್‌ಗೂ ಆಗಬೇಕಲ್ವಾ? ಕೇಳೋಕೆ ಎರಡೂ ಒಂದೇ ಥರ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಎರಡನೇ ಆರ್‌ಗೆ ಸುತ್ತು ಹಾಕಿದರು. ನಾನು ಧೈರ್ಯ ಮಾಡಿ ಕೇಳಿದೆ, ಸಾರ್, ನೀವೇ ಹೇಳಿದ್ರಲ್ಲ ಅಂತ. ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು, ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದರು. 'ಅದು ಹಾಗೇನೇ. ಇದು ಹೀಗೇನೇ. ಕೂತ್ಕೋ' ಅಂದರು. ಹೊಡೆಯಲಿಲ್ಲ, ಬೈಯಲಿಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದಿರಬೇಕು. ನಾನು ಕೂತೆ. ಅಲ್ಲಿಂದ ಮುಂದೆ ಇಂಗ್ಲಿಷ್ ಸ್ಪೆಲ್ಲಿಂಗ್ ಅಂದರೆ ಕೇಳಬಾರದ ವಿಷಯ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು.

ಎರಡು ನೋಟ್‌ಬುಕ್ಕು

ನೆಂಟರ ಆ ಮದುವೆ ಕಳೆದು, ಬೇಸಿಗೆ ರಜೆ ಮುಗಿದು, ಸ್ಕೂಲು ಶುರುವಾಯಿತು. ಮಗಳು ಸಂಜೆ ಅಂಗಡಿಗೇ ಬಂದು, ಪ್ರಿಂಟರ್ ಪಕ್ಕದ ಸ್ಟೂಲ್ ಮೇಲೆ ಹೋಂವರ್ಕ್ ಮಾಡುತ್ತಾಳೆ. ಒಂದು ದಿನ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಪಾಸ್ಟ್ ಟೆನ್ಸ್. ಸ್ಟಾಪ್‌ಗೆ ಇಡಿ ಸೇರಿದರೆ ಎರಡು ಪಿ. ಪ್ಲಾನ್‌ಗೆ ಎರಡು ಎನ್. ಹೋಪ್‌ಗೆ ಒಂದೇ ಪಿ. ರೇನ್‌ಗೆ ಒಂದೇ ಎನ್. ಪಕ್ಕದಲ್ಲಿ ನಿಯಮಗಳ ಪಟ್ಟಿ, ಅದರ ಪಕ್ಕದಲ್ಲಿ ಅಪವಾದಗಳ ಪಟ್ಟಿ. ಅವಳು ಅದನ್ನು ಮಂತ್ರದ ಹಾಗೆ ಹೇಳಿ ಮುಗಿಸಿ ಕನ್ನಡದ ನೋಟ್‌ಬುಕ್ ತೆಗೆದಳು. ಅಲ್ಲೂ ಭೂತಕಾಲ. ಕೊಡು, ಕೊಟ್ಟನು. ನೋಡು, ನೋಡಿದನು. ಬಿಡು, ಬಿಟ್ಟನು. ಹಾಡು, ಹಾಡಿದನು. ಇದನ್ನು ಅವಳು ಪಟ್ಟಿ ನೋಡದೆ, ಕಾಲು ಅಲ್ಲಾಡಿಸುತ್ತಾ, ಒಂದೇ ಉಸಿರಿಗೆ ಬರೆದಳು.

ನಾನು ಕೆಲಸ ನಿಲ್ಲಿಸಿ ಆ ಪುಟ ನೋಡುತ್ತಾ ಕೂತೆ. ಕೊಡು, ಬಿಡು, ಇಡು, ಸುಡು, ನೆಡು, ಉಡು, ಕೆಡು. ಎಲ್ಲದರಲ್ಲೂ ಮೊದಲ ಅಕ್ಷರ ಹ್ರಸ್ವ. ಎಲ್ಲದಕ್ಕೂ ಭೂತಕಾಲದಲ್ಲಿ ಒತ್ತು ಬೀಳುತ್ತದೆ. ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ, ನೆಟ್ಟ, ಉಟ್ಟ, ಕೆಟ್ಟ. ಮಾಡು, ನೋಡು, ಓಡು, ಹಾಡು, ನೀಡು, ದೂಡು. ಎಲ್ಲದರಲ್ಲೂ ದೀರ್ಘ. ಯಾವುದಕ್ಕೂ ಒತ್ತಿಲ್ಲ. ಮಾಡಿದ, ನೋಡಿದ, ಓಡಿದ. ಗು ಇರುವ ಕಡೆಯೂ ಹಾಗೇ. ನಗು, ಸಿಗು ಹೋಗಿ ನಕ್ಕ, ಸಿಕ್ಕ. ಕೂಗು, ತೂಗು, ಬಾಗು ಹೋಗಿ ಕೂಗಿದ, ತೂಗಿದ, ಬಾಗಿದ. ಆಗು ಮತ್ತು ಹೋಗು ಮಾತ್ರ ಹಟ ಮಾಡಿ ಆದ, ಹೋದ ಅನ್ನುತ್ತವೆ. ಇಂಗ್ಲಿಷಿನಲ್ಲೂ ಗೋ ಅನ್ನುವುದು ವೆಂಟ್ ಆಗುತ್ತದೆ. ಹೋಗುವವರು ಎಲ್ಲೂ ಹೇಳಿ ಹೋಗುವುದಿಲ್ಲ.

ಹ್ರಸ್ವಕ್ಕೆ ಡಬಲ್, ದೀರ್ಘಕ್ಕೆ ಸಿಂಗಲ್. ಸ್ಟಾಪ್, ಪ್ಲಾನ್, ರನ್, ಸಿಟ್, ಕಟ್‌ಗಳಿಗೆ ಡಬಲ್. ಹೋಪ್, ಡೈನ್, ರೈಟ್, ರೇನ್‌ಗಳಿಗೆ ಸಿಂಗಲ್. ಎರಡು ಭಾಷೆಗೂ ಸಂಬಂಧ ಇಲ್ಲ, ಒಂದನ್ನು ನೋಡಿ ಇನ್ನೊಂದು ಕಲಿತದ್ದೂ ಅಲ್ಲ. ಆದರೂ ಬೀಗದ ಕೈ ನಮ್ಮ ಜೇಬಿನಲ್ಲೇ ಇತ್ತು. 'ಕೊಡು ಕೊಟ್ಟ ಆದ ಹಾಗೆ ಇದು, ನೋಡು ನೋಡಿದ ಆದ ಹಾಗೆ ಅದು' ಅಂತ ಒಂದು ಮಾತು ಹೇಳಿದ್ದರೆ ನನ್ನ ಎಷ್ಟೋ ಬೋರ್ಡುಗಳು ಉಳಿಯುತ್ತಿದ್ದವು.

ಆದರೆ ಬೀಗದ ಕೈ ಸಿಕ್ಕ ಖುಷಿಯಲ್ಲಿ ನಾನು ಒಂದು ವಿಷಯ ಮರೆತಿದ್ದೆ. ಮಗಳು ಕೇಳಿದಳು, 'ಡೈನ್‌ನಲ್ಲಿ ದೀರ್ಘ ಎಲ್ಲಿದೆಯಪ್ಪಾ? ಅದು ಐ ಅಲ್ವಾ?' ಸ್ಟಾಪ್ ಅನ್ನುವುದನ್ನು ನಾವು ಸ್ಟಾ ಅಂತ ಎಳೆದೇ ಹೇಳುತ್ತೇವೆ, ಅದು ಹೇಗೆ ಹ್ರಸ್ವ? ಮಗಳ ಪ್ರಶ್ನೆಗೆ ಅದು ಹಾಗೇನೇ ಅನ್ನುವ ಮಾತು ನಾಲಿಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡೆ.

ಬೇಲಿ ಮತ್ತು ಮೇಕೆ

ನಮ್ಮಲ್ಲಿ ಇ ಬೇರೆ, ಈ ಬೇರೆ. ಬರೆದದ್ದು ನೋಡಿದರೆ ಎಳೆಯಬೇಕೋ ಬೇಡವೋ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಐ ಅನ್ನುವ ಒಂದೇ ಅಕ್ಷರ ಎರಡೂ ಕೆಲಸ ಮಾಡಬೇಕು. ಹಾಗಾಗಿ ಅದು ಯಾವಾಗ ಗಿಡ್ಡ, ಯಾವಾಗ ಉದ್ದ ಅಂತ ಹೇಳುವ ಕೆಲಸ ಹಿಂದೆ ನಿಂತ ವ್ಯಂಜನದ ತಲೆಗೆ ಬಿದ್ದಿದೆ. ಮಗಳಿಗೆ ನಾನು ಹೇಳಿದ್ದು ತೋಟದ ಲೆಕ್ಕದಲ್ಲಿ. ಇಡಿ, ಐಎನ್‌ಜಿ ಎರಡೂ ಸ್ವರದಿಂದ ಶುರುವಾಗುವ ಬಾಲಗಳು. ಆ ಸ್ವರ ಒಂದು ಮೇಕೆ. ಹಿಂದಿನಿಂದ ಬಂದು, ಮುಂದಿನ ಸ್ವರವನ್ನು ಹಿಡಿದು ಎಳೆದುಬಿಡುತ್ತದೆ. ನಡುವೆ ಒಂದೇ ವ್ಯಂಜನ ಇದ್ದರೆ ಬೇಲಿ ಗಿಡ್ಡ, ಮೇಕೆ ಹಾರುತ್ತದೆ, ಡಿನ್ ಹೋಗಿ ಡೈನ್ ಆಗುತ್ತದೆ. ಎರಡು ವ್ಯಂಜನ ನಿಲ್ಲಿಸಿದರೆ ಹಾರಲಾಗದು, ಒಳಗಿನ ಸ್ವರ ಗಿಡ್ಡವಾಗೇ ಉಳಿಯುತ್ತದೆ.

ಬೇಲಿ ಅಂತ ಅಂದುಕೊಂಡ ಮೇಲೆ ಆ ಅಪವಾದದ ಪಟ್ಟಿ ಅರ್ಧಕ್ಕರ್ಧ ಕರಗಿತು. ಹೆಲ್ಪ್, ಜಂಪ್‌ಗಳಲ್ಲಿ ಆಗಲೇ ಎರಡು ವ್ಯಂಜನ ಇವೆ, ಮೂರನೆಯದು ದಂಡ. ರೇನ್, ನೀಡ್‌ಗಳಲ್ಲಿ ಎರಡೆರಡು ಸ್ವರ ಕೂತಿವೆ, ಕಾಯುವ ಅಗತ್ಯವೇ ಇಲ್ಲ. ಫಿಕ್ಸ್‌ನ ಎಕ್ಸ್ ನೋಡೋಕೆ ಒಂದು, ಒಳಗೆ ಕ್ ಮತ್ತು ಸ್ ಎರಡೂ ಇವೆ. ಪ್ಲೇ, ಶೋಗಳ ಕೊನೆಯ ವೈ, ಡಬ್ಲ್ಯೂ ಅಲ್ಲಿ ವ್ಯಂಜನವೇ ಅಲ್ಲ. ಸ್ಟಡಿಗೆ ಇಡಿ ಸೇರಿದರೆ ವೈ ಹೋಗಿ ಐ ಬರುವುದು ಬೇರೆ ಜಗಳ, ಅದನ್ನು ನಮ್ಮ ಮೇಷ್ಟ್ರು ಚೆನ್ನಾಗೇ ಹೇಳಿಕೊಟ್ಟಿದ್ದರು.

ಇನ್ನು ಮಗಳ ಪ್ರಶ್ನೆ. ಡೈನ್ ಮೊದಲು ಡೈನ್ ಆಗಿರಲೇ ಇಲ್ಲ. ಆರೇಳು ನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ಹೆಚ್ಚುಕಮ್ಮಿ ಡೀನ್. ರೈಟ್ ಆಗ ರೀಟ್. ಅಂದರೆ ನಮ್ಮ ಇ ಮತ್ತು ಈ ಇದ್ದ ಹಾಗೇ ಅವರಿಗೂ ಇತ್ತು. ಆಮೇಲೆ ಕೆಲವು ನೂರು ವರ್ಷಗಳಲ್ಲಿ ಅವರ ದೀರ್ಘ ಸ್ವರಗಳೆಲ್ಲ ಜಾಗ ಬಿಟ್ಟು ಜಾರಿದವು. ಈ ಹೋಗಿ ಐ ಆಯಿತು, ಆ ಹೋಗಿ ಏ ಆಯಿತು. ಉಚ್ಚಾರ ಜಾರಿತು, ಸ್ಪೆಲ್ಲಿಂಗ್ ಅಲ್ಲೇ ನಿಂತಿತು. ಹಾಗಾಗಿ ಡೈನ್ ಮತ್ತು ಡಿನ್ನರ್ ಒಂದೇ ಮನೆಯವು ಅಂತ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ.

ಹುಡುಕುತ್ತಾ ಹೋದ ಹಾಗೆ ಇನ್ನೂ ಹಿಂದಿನದು ಸಿಕ್ಕಿತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವರು ಎರಡು ಎನ್ ಬರೆದರೆ ನಮ್ಮ ಹಾಗೇ ಒತ್ತಿ ಹೇಳುತ್ತಿದ್ದರು. ಸುನ್ನೆ ಅಂದರೆ ಸೂರ್ಯ. ಸುನು ಅಂದರೆ ಮಗ. ನಮ್ಮ ಕತೆ ಮತ್ತು ಕತ್ತೆ ಇದ್ದ ಹಾಗೆ, ಒಂದು ಒತ್ತಿನಲ್ಲಿ ಅರ್ಥವೇ ಬೇರೆ. ಆ ಸುನು ನಮ್ಮ ಸಂಸ್ಕೃತದ ಸೂನುವಿನ ದೂರದ ನೆಂಟ ಅನ್ನುವುದು ಬೇರೆ ಮಾತು. ಈಗ ಅವರ ನಾಲಿಗೆಯಲ್ಲಿ ಆ ಒತ್ತು ಇಲ್ಲ. ರನ್ನಿಂಗ್ ಅಂತ ನಾವು ಒತ್ತಿ ಹೇಳುತ್ತೇವೆ, ಅವರು ರನಿಂಗ್ ಅಂತ ತೇಲಿಸುತ್ತಾರೆ. ಅವರ ಕಾಗದದ ಮೇಲೆ ಉಳಿದ ಒತ್ತು ನಮ್ಮ ಬಾಯಲ್ಲಿ ಬದುಕಿದೆ. ನಮ್ಮ ಕಡೆಯ ಇಂಗ್ಲಿಷ್ ಕೇಳಿ ನಗುವವರಿಗೆ ಇದನ್ನು ಯಾವಾಗಲಾದರೂ ಹೇಳಬೇಕು ಅಂತಿದ್ದೇನೆ.

ಈ ಹುಡುಕಾಟದಲ್ಲಿ ನನಗೆ ತುಂಬಾ ಹಿಡಿಸಿದವನು ಓರ್ಮ್ ಅನ್ನುವ ಪಾದ್ರಿ. 12ನೇ ಶತಮಾನದ ಇಂಗ್ಲೆಂಡಿನವನು. ಚರ್ಚಿನಲ್ಲಿ ಓದಿ ಹೇಳಲು ಒಂದು ದೊಡ್ಡ ಪದ್ಯಗ್ರಂಥ ಬರೆದ. ಓದುವವರು ತಪ್ಪಾಗಿ ಎಳೆಯಬಾರದು ಅಂತ, ಪದದ ತುಂಡು ವ್ಯಂಜನದಲ್ಲಿ ಮುಗಿದು, ಅದರೊಳಗಿನ ಸ್ವರ ಹ್ರಸ್ವವಾಗಿದ್ದ ಕಡೆ ಆ ವ್ಯಂಜನವನ್ನು ಎರಡೆರಡು ಸಲ ಬರೆದ. ಸಾವಿರಾರು ಸಾಲು, ಮೈಮರೆತದ್ದು ತೀರಾ ಕಮ್ಮಿ. ತನ್ನ ಹೆಸರಿಗೂ ಎರಡು ಆರ್ ಹಾಕಿಕೊಂಡ. ಇದನ್ನು ನಕಲು ಮಾಡುವವರು ನಾನು ಎರಡು ಸಲ ಬರೆದ ಅಕ್ಷರವನ್ನು ಎರಡು ಸಲವೇ ಬರೆಯಬೇಕು ಅಂತ ಪುಸ್ತಕದಲ್ಲೇ ಕೇಳಿಕೊಂಡ. ಪಾಪ, ಅವನ ಪುಸ್ತಕದ ಒಂದೇ ಪ್ರತಿ ಉಳಿದಿದೆ, ಅದೂ ಅವನದೇ ಕೈಬರಹ. ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಚೀಟಿಯಲ್ಲಿದ್ದ ಹಾಗೆ ಹಾಕುವ ನನ್ನಂಥವನೊಬ್ಬ ಆಗ ಇದ್ದಿದ್ದರೆ ಅವನಿಗೆ ಅನುಕೂಲ ಆಗುತ್ತಿತ್ತು.

ಒತ್ತಿದಲ್ಲಿ ಒತ್ತು

ಮೇಷ್ಟ್ರು ಕಿಟಕಿಯಾಚೆ ನೋಡಿದ ಪ್ರಶ್ನೆ ಇನ್ನೂ ಬಾಕಿ ಇದೆ. ರೆಫರ್‌ಗೆ ಎರಡು ಆರ್, ಸಫರ್‌ಗೆ ಒಂದು. ಬಿಗಿನ್‌ಗೆ ಐಎನ್‌ಜಿ ಸೇರಿದರೆ ಎರಡು ಎನ್, ಲಿಸನ್‌ಗೆ ಒಂದು. ಅಡ್ಮಿಟ್‌ಗೆ ಎರಡು ಟಿ, ವಿಸಿಟ್‌ಗೆ ಒಂದು. ಎಲ್ಲ ಎರಡೆರಡು ತುಂಡಿನ ಪದಗಳು. ಇಂಗ್ಲಿಷಿನವರು ಪದದ ಒಂದು ತುಂಡನ್ನು ಗಟ್ಟಿಯಾಗಿ, ಇನ್ನೊಂದನ್ನು ಸಡಿಲವಾಗಿ ಹೇಳುತ್ತಾರೆ. ರೆಫರ್, ಬಿಗಿನ್, ಅಡ್ಮಿಟ್‌ಗಳಲ್ಲಿ ಗಟ್ಟಿ ಇರುವುದು ಕೊನೆಗೆ. ಸಫರ್, ಲಿಸನ್, ವಿಸಿಟ್‌ಗಳಲ್ಲಿ ಮೊದಲಿಗೆ. ಕೊನೆ ಗಟ್ಟಿ ಇದ್ದರೆ ಅಲ್ಲಿ ಬೇಲಿ ಬೇಕು. ಸಡಿಲ ಇದ್ದರೆ ಅಲ್ಲಿ ಕಾಯುವಂಥದ್ದೇನೂ ಇಲ್ಲ.

ಕನ್ನಡದವರಿಗೆ ಇದು ಕಷ್ಟ, ಮೇಷ್ಟ್ರಿಗೂ ಕಷ್ಟ ಆದದ್ದು ಇದಕ್ಕೇ. ನಮ್ಮ ಬಾಯಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಕೂಲಿ. ವಿಸಿಟ್, ಅಡ್ಮಿಟ್ ಎರಡನ್ನೂ ನಾವು ಒಂದೇ ತೂಕದಲ್ಲಿ ಹೇಳುತ್ತೇವೆ. ಮೊದಲನೇ ನಿಯಮಕ್ಕೆ ನಮ್ಮ ಕಿವಿ ಸಾಕು, ಇದಕ್ಕೆ ಅವರ ಕಿವಿ ಸಾಲ ತರಬೇಕು. ಆದರೂ ಹೇಳಿಕೊಡಲು ಕನ್ನಡದಲ್ಲಿ ಒಂದು ಪದ ತಯಾರಾಗಿ ಕೂತಿದೆ. ಒತ್ತು ಅಂದರೆ ಒತ್ತಕ್ಷರ. ಒತ್ತು ಅಂದರೆ ಒತ್ತಿ ಹೇಳುವುದು. ಒತ್ತು ಬಿದ್ದ ಕಡೆ ಒತ್ತು ಕೊಡು, ಅಷ್ಟೇ. ನುಡಿ ಕೀಬೋರ್ಡಿನಲ್ಲಿ ದಿನಕ್ಕೆ ನೂರಾರು ಸಲ ಎಫ್ ಒತ್ತಿ ಒತ್ತು ಕೊಡುವ ನನಗೆ ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಎಲ್ ಮಾತ್ರ ಈ ಮಾತು ಕೇಳುವುದಿಲ್ಲ. ಟ್ರಾವೆಲ್, ಕ್ಯಾನ್ಸಲ್ ಎರಡರಲ್ಲೂ ಗಟ್ಟಿ ಇರುವುದು ಮೊದಲಿಗೆ, ಆದರೂ ಬ್ರಿಟಿಷರು ಎರಡು ಎಲ್ ಬರೆಯುತ್ತಾರೆ. ನಮಗೆ ಸ್ಕೂಲಿನಲ್ಲಿ ಬಂದದ್ದೂ ಅದೇ. ಅಮೆರಿಕದಲ್ಲಿ ಒಂದೇ. ಮೊದಲು ಮೇಷ್ಟ್ರಾಗಿದ್ದ ನೋಹ್ ವೆಬ್‌ಸ್ಟರ್ 1828ರಲ್ಲಿ ತಂದ ನಿಘಂಟಿನಲ್ಲಿ ಆ ಎರಡನೇ ಎಲ್ ಇಲ್ಲ. ನನ್ನ ಕಂಪ್ಯೂಟರ್ ಆ ಕಡೆಯದು. ಟ್ರಾವೆಲ್ಸ್‌ನವರ ಕೆಲಸ ಬಂದಾಗೆಲ್ಲ ಕ್ಯಾನ್ಸಲ್ಡ್ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ನಾನು ಎರಡು ಎಲ್ಲನ್ನೇ ಹಾಕುತ್ತೇನೆ. ಅಲ್ಲಿ ತರ್ಕ ವೆಬ್‌ಸ್ಟರ್ ಕಡೆ ಇದೆ ಅಂತ ಗೊತ್ತಿದ್ದೂ.

ಇಷ್ಟೆಲ್ಲ ಕಲಿತ ಮೇಲೆ ನಾನು ಅಂಗಡಿಯಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡತೊಡಗಿದೆ. ರೇಷ್ಮೆ ನೂಲಿಗೆ ಬಣ್ಣ ಹಾಕುವವರೊಬ್ಬರು ವಿಸಿಟಿಂಗ್ ಕಾರ್ಡಿಗೆ ಬಂದರು. ಸಿಲ್ಕ್ ಡೈಯಿಂಗ್ ಅಂತ ಬರೆದು ತಂದಿದ್ದರು, ಡಿ, ವೈ, ಐ, ಎನ್, ಜಿ. ನಾನು ಹೇಳಿದೆ: ಬಣ್ಣದ ಡೈಗೆ ಕೊನೆಯಲ್ಲಿ ಇ ಇದೆ, ಐಎನ್‌ಜಿ ಸೇರಿದರೂ ಅದನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಅದು ಸಾಯುವ ಡೈ. ನೀವು ಬರೆದದ್ದಕ್ಕೆ ರೇಷ್ಮೆ ಸಾಯ್ತಾ ಇದೆ ಅಂತ ಅರ್ಥ. ಅವರು ಕಾರ್ಡು ಹಿಡಿದು ಸ್ವಲ್ಪ ಹೊತ್ತು ನೋಡಿದರು. 'ಹಾಗೇ ಇರಲಿ ಬಿಡಿ ಸಾರ್. ಈ ವಾರದ ರೇಟ್ ನೋಡಿದ್ರಾ?' ಕೊನೆಗೆ ಇ ಹಾಕಿಸಿಕೊಂಡೇ ಹೋದರು.

ನಮ್ಮ ಊರಿನ ಹೆಸರಿಗೂ ಇದೇ ಪಾಡು. ಚಿಕ್ಕ ಅನ್ನುವುದರ ಒತ್ತು ಇಂಗ್ಲಿಷಿಗೆ ಹೋದಾಗ ಒಂದು ಕೆ ಆಗಿದ್ದು ನೋಡಿದ್ದೇನೆ, ಎರಡು ಕೆ ಆಗಿದ್ದು ನೋಡಿದ್ದೇನೆ, ಸಿ ಮತ್ತು ಕೆ ಆಗಿದ್ದೂ ನೋಡಿದ್ದೇನೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಾವು ಜಿಲ್ಲೆ ಆದಾಗ ಲೆಟರ್‌ಹೆಡ್ಡು, ಸೀಲು, ಬೋರ್ಡು ಅಂತ ಕೆಲಸವೋ ಕೆಲಸ. ಒಂದೇ ದಿನ ಮೂರು ಸ್ಪೆಲ್ಲಿಂಗ್‌ನಲ್ಲಿ ಊರಿನ ಹೆಸರು ಹಾಕಿಕೊಟ್ಟಿದ್ದೇನೆ. ಯಾರೂ ದೂರು ಹೇಳಲಿಲ್ಲ.

ಆಷಾಢದ ಕೆಲಸ

ಆ ಬೋರ್ಡನ್ನು ಬಿಟ್ಟಿಯಾಗಿ ಬದಲಿಸಿಕೊಡುತ್ತೇನೆ ಅಂತ ಮಂಟಪದವರಿಗೆ ಫೋನ್ ಮಾಡಿದೆ. ಮೊದಲು ಅವರಿಗೆ ತಪ್ಪೇ ಕಾಣಲಿಲ್ಲ. ಡಿನ್ನರ್‌ಗೆ ಎರಡಿದೆಯಲ್ಲ ಅಂದರು, ನಾನು ಅಂದುಕೊಂಡಿದ್ದ ಹಾಗೇ. ಮೇಕೆ, ಬೇಲಿ ಎಲ್ಲ ಹೇಳಲು ಹೋದೆ. 'ಬಿಟ್ಟಿ ಅಂದ್ರಲ್ಲ, ಆಷಾಢದಲ್ಲಿ ಮಾಡಿ, ಮದುವೆ ಇರಲ್ಲ' ಅಂದು ಫೋನ್ ಇಟ್ಟರು.

ಹಳೇ ಫೈಲು ತೆಗೆದು ಒಂದು ಎನ್ ಅಳಿಸಿದೆ. ಅಕ್ಷರಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಜಾಗ ತುಂಬಿಸಿದೆ. ಪ್ರೂಫ್ ತೆಗೆದು ಈ ಸಲ ಮಗಳ ಕೈಗೆ ಕೊಟ್ಟೆ, ನೋಡಿ ಸೈನ್ ಹಾಕು ಅಂತ. ಬೋರ್ಡು ನನ್ನದು ಅಂತ ಅವಳಿಗೆ ಗೊತ್ತಾದದ್ದು ಆಗಲೇ. ಅವಳು ನಗಲಿಲ್ಲ. ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, ಸರಿ ಅಂದಳು. ಪೆನ್ನಿನ ಮುಚ್ಚಳ ತೆಗೆದವಳು ಮೇಲಿನ ಕನ್ನಡ ಸಾಲು ನೋಡಿ ಹಾಗೇ ನಿಂತಳು.

'ಅಪ್ಪಾ, ಭೋಜನ ಶಾಲೆಗೆ ಹೊಟ್ಟೆ ಸೀಳಿದ ಭ ಬರಬೇಕಲ್ವಾ?'

ಬೋಜನ ಅಂತಿತ್ತು. ಆರು ವರ್ಷದಿಂದ.